ಸಕ್ಕರೆಯಿಲ್ಲದ ಐಸ್ ಟೀ: ಲೋಟ ಎಣಿಸಬೇಡಿ, ಟೀ ಸೊಪ್ಪು ತೂಗಿ

ಮನೆಯಲ್ಲಿ ಸಕ್ಕರೆಯಿಲ್ಲದ ಐಸ್ ಟೀ ಶುರುಮಾಡಿದ ಬಹಳ ಮಂದಿ ಎರಡೇ ವಾರದಲ್ಲಿ ಬಿಟ್ಟುಬಿಡುತ್ತಾರೆ. ಕೆಲವರಿಗೆ ಟೀ ಕಹಿಯಾಗಿ, ಒಗರಾಗಿ, ಕೆಸರುನೀರಿನ ಹಾಗೆ ಕದಡಿಕೊಂಡು ಸಕ್ಕರೆಯಿಲ್ಲದೆ ಗಂಟಲಲ್ಲಿ ಇಳಿಯುವುದೇ ಇಲ್ಲ. ಇನ್ನು ಕೆಲವರಿಗೆ ರುಚಿ ಚೆನ್ನಾಗಿಯೇ ಬರುತ್ತದೆ, ಆದರೆ ಟೀಯಲ್ಲಿರುವ, ನಿದ್ದೆ ಓಡಿಸುವ ಕೆಫೀನ್ ಹೆಚ್ಚಾಗಿ ರಾತ್ರಿ ಎರಡು ಗಂಟೆಯವರೆಗೆ ಕಣ್ಣು ಮುಚ್ಚುವುದಿಲ್ಲ. ಎರಡಕ್ಕೂ ಮೂಲ ಒಂದೇ: ಎಷ್ಟು ಸೊಪ್ಪು ಹಾಕಿದೆವು ಎಂಬ ಲೆಕ್ಕ ಇಲ್ಲದಿರುವುದು.

ಬಿಸಿ ಟೀ ಗುಟುಕು ಗುಟುಕಾಗಿ ಒಳಗೆ ಹೋಗುತ್ತದೆ, ನೂರು ಮಿಲಿ ಲೋಟಕ್ಕೆ ಹತ್ತು ನಿಮಿಷ ಬೇಕು. ತಣ್ಣಗಿನ ಟೀ ಹಾಗಲ್ಲ. ಬಿಸಿಲಿನಿಂದ ಬಂದವರು ಮುನ್ನೂರು ಮಿಲಿಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ, ಮತ್ತೆ ತುಂಬಿಸಿಕೊಳ್ಳುತ್ತಾರೆ. ಸಿಹಿ ಇದ್ದರೆ ಎರಡನೇ ಲೋಟಕ್ಕೆ ಬಾಯಿ ಕಟ್ಟಿದ ಹಾಗಾಗುತ್ತದೆ. ಸಕ್ಕರೆ ತೆಗೆದ ಮೇಲೆ ಆ ತಡೆಯೂ ಇಲ್ಲ. ಆದ್ದರಿಂದ ಪಾತ್ರೆ ಒಲೆಯ ಮೇಲಿಡುವ ಮೊದಲು ಲೆಕ್ಕ ಆಗಬೇಕು. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

## ಹಂತ 1: ನಿಮ್ಮ ದಿನದ ಮಿತಿ ಗೊತ್ತುಮಾಡಿಕೊಳ್ಳಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದೇ ಸಲಕ್ಕೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಹೇಳಿತು. ನೀವು 300ನ್ನೇ ಹಿಡಿದುಕೊಳ್ಳಿ. ಮನೆಯ ಲೆಕ್ಕದಲ್ಲಿ ಸಣ್ಣಪುಟ್ಟ ತಪ್ಪು ಆಗಿಯೇ ಆಗುತ್ತದೆ, ಅದಕ್ಕೆ ಜಾಗ ಇರಲಿ.

ಗರ್ಭಿಣಿಯರಿಗೆ ಮಿತಿ 200 ಮಿಲಿಗ್ರಾಂ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಕೆಫೀನ್ ದೇಹದಿಂದ ಹೊರಹೋಗುವ ವೇಗ ತುಂಬಾ ಕುಗ್ಗುತ್ತದೆ, ಹಾಗಾಗಿ ಬೆಳಿಗ್ಗೆ ಕುಡಿದದ್ದು ಸಂಜೆಗೂ ಉಳಿದಿರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೂ ನಿಧಾನವಾಗುತ್ತದೆ. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಎಂಬ ಲೆಕ್ಕವಿದೆ. 20 ಕಿಲೋ ತೂಗುವ ಮಗುವಿಗೆ ಅದು 60 ಮಿಲಿಗ್ರಾಂ, ಅಂದರೆ ಒಂದು ಲೋಟ ಐಸ್ ಟೀಯಲ್ಲೇ ಮುಗಿಯಿತು. ಮಕ್ಕಳಿಗೆ ಹಂತ 7ರಲ್ಲಿರುವ ಕೆಫೀನ್ ಇಲ್ಲದ ಜಾಡಿಯೇ ಸರಿ.

## ಹಂತ 2: ಮೂರು ದಿನ ಬರೆದಿಡಿ

ಐಸ್ ಟೀ ಸೇರಿಸುವ ಮೊದಲು ಈಗಾಗಲೇ ಎಷ್ಟು ಒಳಗೆ ಹೋಗುತ್ತಿದೆ ಎಂದು ತಿಳಿಯಬೇಕು. ಎರಡು ಕೆಲಸದ ದಿನ, ಒಂದು ಭಾನುವಾರ ಬರೆದರೆ ಸಾಕು. ಈ ಅಂದಾಜು ಬಳಸಿ:

- ಟೀ ಪುಡಿ ಅಥವಾ ಸೊಪ್ಪು: ಗ್ರಾಂಗೆ 30 ಮಿಲಿಗ್ರಾಂ
- ಅರೇಬಿಕಾ ಕಾಫಿಪುಡಿ: ಗ್ರಾಂಗೆ ಸುಮಾರು 10 ಮಿಲಿಗ್ರಾಂ
- ರೋಬಸ್ಟಾ: ಗ್ರಾಂಗೆ ಸುಮಾರು 20 ಮಿಲಿಗ್ರಾಂ
- ಚಿಕೋರಿ: ಸೊನ್ನೆ
- ಇನ್‌ಸ್ಟಂಟ್ ಕಾಫಿ, 150 ಮಿಲಿ ಲೋಟ: 50ರಿಂದ 65 ಮಿಲಿಗ್ರಾಂ
- ಕೋಲಾ, 300 ಮಿಲಿ: ಸುಮಾರು 30 ಮಿಲಿಗ್ರಾಂ
- ಎನರ್ಜಿ ಡ್ರಿಂಕ್, 250 ಮಿಲಿ ಡಬ್ಬಿ: ಸುಮಾರು 75 ಮಿಲಿಗ್ರಾಂ

ಒಣ ಟೀ ಸೊಪ್ಪಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 2ರಿಂದ 4 ಭಾಗ ಕೆಫೀನ್. ನಾವು ನಡುವಿನ 3 ಹಿಡಿದಿದ್ದೇವೆ. ಟೀ ಪುಡಿ ನೋಡಲು ಕಾಫಿಪುಡಿಗಿಂತ ಸಾಧು ಅನಿಸಿದರೂ, ಗ್ರಾಂ ಲೆಕ್ಕದಲ್ಲಿ ಕೆಫೀನ್ ಟೀಯಲ್ಲೇ ಹೆಚ್ಚು. ಒಂದು ಲೋಟಕ್ಕೆ ಹಾಕುವ ಪ್ರಮಾಣ ಕಡಿಮೆ ಅಷ್ಟೇ.

ಫಿಲ್ಟರ್ ಕಾಫಿ ಕುಡಿಯುವವರು ಪೊಟ್ಟಣದ ಮೇಲೆ ಬರೆದಿರುವ ಚಿಕೋರಿ ಪ್ರಮಾಣ ನೋಡಿ ಕಳೆಯಿರಿ. 20 ಗ್ರಾಂ ಪುಡಿಯಲ್ಲಿ ನೂರಕ್ಕೆ 30 ಚಿಕೋರಿ ಇದ್ದರೆ ಕಾಫಿ ಇರುವುದು 14 ಗ್ರಾಂ. ಅರೇಬಿಕಾ ಆದರೆ ಸುಮಾರು 140 ಮಿಲಿಗ್ರಾಂ. ಆ ಡಿಕಾಕ್ಷನ್ ಇಬ್ಬರಿಗೆ ಹಂಚಿದರೆ ತಲೆಗೆ 70.

ಬರೆಯುವಾಗ ಜನ ಮರೆಯುವುದು ತಲೆನೋವಿನ ಮಾತ್ರೆ. ಅಂಗಡಿಯಲ್ಲಿ ಸಲೀಸಾಗಿ ಸಿಗುವ ಕೆಲವು ಮಾತ್ರೆಗಳಲ್ಲಿ ಕೆಫೀನ್ ಬೆರೆತಿರುತ್ತದೆ. ಮಾತ್ರೆಯ ಪಟ್ಟಿಯ ಹಿಂಬದಿ ಓದಿ, ಇದ್ದರೆ ಅದನ್ನೂ ಕೂಡಿಸಿ.

ಮೂರು ದಿನದ ಸರಾಸರಿ 150 ಬಂದಿತು ಎನ್ನಿ. ಐಸ್ ಟೀಗೆ ಉಳಿದಿರುವುದು 150, ಅಂದರೆ 5 ಗ್ರಾಂ ಸೊಪ್ಪು. ಸರಾಸರಿಯೇ 300 ದಾಟಿದ್ದರೆ ಮೊದಲು ಹಂತ 9 ಓದಿ.

## ಹಂತ 3: ಸಾಮಾನು ಹೊಂದಿಸಿ

ಬೇಕಾದ್ದು ಇಷ್ಟೇ: ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮುಚ್ಚಳವಿರುವ ಒಂದು ಲೀಟರಿನ ಗಾಜಿನ ಜಾಡಿ, ಸ್ಟೀಲ್ ಪಾತ್ರೆ, ಸಣ್ಣ ಕಣ್ಣಿನ ಜಾಲರಿ, ಒಂದು ತೆಳು ಹತ್ತಿ ಬಟ್ಟೆ, 250 ಮಿಲಿ ಹಿಡಿಯುವ ಒಂದೇ ಅಳತೆಯ ಲೋಟ.

ತಕ್ಕಡಿಯ ಬದಲು ಚಮಚ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಒಂದು ಟೀ ಚಮಚದ ತುಂಬ ಸಿಟಿಸಿ ಪುಡಿ, ಅಂದರೆ ಗುಂಡಗಿನ ಕಾಳಿನಂಥದ್ದು, ಎರಡರಿಂದ ಎರಡೂವರೆ ಗ್ರಾಂ ತೂಗುತ್ತದೆ. ಅದೇ ಚಮಚದಲ್ಲಿ ಉದ್ದ ಎಲೆಯ ಆರ್ಥೊಡಾಕ್ಸ್ ಸೊಪ್ಪು ಹಗುರವಾಗಿ ಉಬ್ಬಿ ನಿಂತು ಒಂದೂವರೆ ಗ್ರಾಂ ಕೂಡ ಇರುವುದಿಲ್ಲ. ಚಮಚ ನಂಬಿದರೆ ಲೆಕ್ಕ ದುಪ್ಪಟ್ಟು ತಪ್ಪಬಹುದು. ತಕ್ಕಡಿ ಕೊಳ್ಳಲು ಆಗದಿದ್ದರೆ ಟೀ ಬ್ಯಾಗ್ ಬಳಸಿ, ಒಂದರಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಪೊಟ್ಟಣದ ಒಟ್ಟು ತೂಕವನ್ನು ಬ್ಯಾಗಿನ ಸಂಖ್ಯೆಯಿಂದ ಭಾಗಿಸಿದರೆ ಸರಿಯಾದ ಅಂಕಿಯೇ ಸಿಗುತ್ತದೆ.

ತಾಮ್ರದ ಬಾಟಲಿ, ಹಿತ್ತಾಳೆ ಪಾತ್ರೆ ಬೇಡ. ನಿಂಬೆ ಹಿಂಡಿದ ಟೀಯನ್ನು ಅವುಗಳಲ್ಲಿಟ್ಟರೆ ಹುಳಿಗೆ ಲೋಹ ಕರಗಿ ಬರುತ್ತದೆ, ವಾಂತಿ ಹೊಟ್ಟೆನೋವು ಆಗಬಹುದು. ಅಲ್ಯೂಮಿನಿಯಂ ಕೂಡ ಬಿಡಿ.

## ಹಂತ 4: ಸೊಪ್ಪು ಮತ್ತು ನೀರು ಆರಿಸಿ

ಹಾಲು ಹಾಕಿ ಕುದಿಸಲೆಂದೇ ಮಾಡಿದ ಗಡುಸು ಸಿಟಿಸಿ ಡಸ್ಟ್ ಐಸ್ ಟೀಗೆ ಹೊಂದುವುದಿಲ್ಲ. ಹಾಲಿನ ಪ್ರೋಟೀನ್ ಆ ಒಗರನ್ನು ಹಿಡಿದಿಡುತ್ತದೆ. ಹಾಲೂ ಸಕ್ಕರೆಯೂ ಇಲ್ಲದಾಗ ಒಗರು ನೇರ ನಾಲಿಗೆಗೆ ಹತ್ತುತ್ತದೆ. ನೀಲಗಿರಿಯ ಆರ್ಥೊಡಾಕ್ಸ್ ಸೊಪ್ಪು ಇದಕ್ಕೆ ಹೇಳಿಮಾಡಿಸಿದ ಹಾಗಿದೆ, ತಣ್ಣಗಾದರೂ ಬೇಗ ಕದಡುವುದಿಲ್ಲ. ಗಡುಸಾದ ಅಸ್ಸಾಂ ಟೀ ತಣಿಯುತ್ತಿದ್ದಂತೆ ಮಬ್ಬಾಗುತ್ತದೆ. ಬಿಸಿಯಲ್ಲಿ ಕರಗಿದ್ದ ಕೆಫೀನ್ ಮತ್ತು ಟೀಯ ಒಗರು ಪದಾರ್ಥಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಂಡು ನುಣ್ಣನೆ ಕಣಗಳಾಗುವುದೇ ಈ ಮಬ್ಬು. ಕುಡಿದರೆ ತೊಂದರೆಯಿಲ್ಲ, ನೋಡಲು ಮನಸ್ಸಾಗುವುದಿಲ್ಲ ಅಷ್ಟೇ.

ಗ್ರೀನ್ ಟೀ ಹಾಕಿದರೆ ಕೆಫೀನ್ ಇರುವುದಿಲ್ಲ ಎಂಬುದು ತಪ್ಪು. ಅದೂ ಅದೇ ಗಿಡದ ಎಲೆ, ಅದೇ 30ರ ಲೆಕ್ಕ ಹಾಕಿ. ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ಚೆಲ್ಲಿದರೆ ಕೆಫೀನೆಲ್ಲ ಹೋಗುತ್ತದೆ ಎಂಬ ಮಾತೂ ನಿಜವಲ್ಲ. ಅಷ್ಟರಲ್ಲಿ ಹೋಗುವುದು ಸಣ್ಣ ಪಾಲು, ಅದರ ಜೊತೆ ಪರಿಮಳವೂ ಹೋಗುತ್ತದೆ.

ಇನ್ನು ನೀರು. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಗಡಸು ಬೋರ್‌ವೆಲ್ ನೀರಲ್ಲಿ ಟೀ ಮಾಡಿ ಹತ್ತು ನಿಮಿಷ ಬಿಟ್ಟು ಲೋಟವನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಮೇಲೆ ಎಣ್ಣೆ ಹರಡಿದ ಹಾಗೆ ಹೊಳೆಯುವ ತೆಳು ಪರೆ, ಅದು ಲೋಟದ ಅಂಚಿಗೆ ಕಂದು ಉಂಗುರವಾಗಿ ಅಂಟುತ್ತದೆ. ನೀರಿನ ಸುಣ್ಣ ಟೀಯ ಸತ್ವದ ಜೊತೆ ಸೇರಿ ಆಗುವುದು ಅದು. ಪುಡಿ ಬದಲಿಸಿ ಪ್ರಯೋಜನವಿಲ್ಲ, ನೀರು ಬದಲಿಸಬೇಕು. ಆರ್‌ಒ ನೀರು ಅಥವಾ ಸೋಸಿದ ಕಾವೇರಿ ನೀರು ಸಾಕು.

## ಹಂತ 5: ತಣ್ಣೀರಲ್ಲಿ ನೆನೆಸುವ ವಿಧಾನ

ಸಕ್ಕರೆಯಿಲ್ಲದೆ ಕುಡಿಯುವವರಿಗೆ ಇದೇ ಒಳ್ಳೆಯದು. ತಣ್ಣೀರಲ್ಲಿ ಒಗರು ಕಡಿಮೆ ಇಳಿಯುತ್ತದೆ, ಆದ್ದರಿಂದ ಸಕ್ಕರೆ ಬೇಕೆನಿಸುವುದೇ ಕಡಿಮೆ.

1. ಜಾಡಿ, ಮುಚ್ಚಳ, ಜಾಲರಿ ಮೂರನ್ನೂ ಸೋಪಿನಿಂದ ತೊಳೆದು ಬಿಸಿನೀರು ಹಾಯಿಸಿ.
2. 8 ಗ್ರಾಂ ಸೊಪ್ಪು ತೂಗಿ ಹಾಕಿ.
3. ಕುದಿಸಿ ಪೂರ್ತಿ ಆರಿಸಿದ ಅಥವಾ ಸೋಸಿದ ಒಂದು ಲೀಟರ್ ನೀರು ಸುರಿಯಿರಿ.
4. ಮುಚ್ಚಿ ಕೂಡಲೇ ಫ್ರಿಜ್ಜಿನಲ್ಲಿಡಿ. ಕಟ್ಟೆಯ ಮೇಲಿಟ್ಟು ಆಮೇಲೆ ಒಳಗಿಡುವುದು ಬೇಡ.
5. ಎಲೆ ಟೀ ಆದರೆ 8ರಿಂದ 10 ಗಂಟೆ, ಸಿಟಿಸಿ ಆದರೆ 4ರಿಂದ 5 ಗಂಟೆ ಬಿಡಿ.
6. ಮೊದಲು ಜಾಲರಿಯಲ್ಲಿ, ಆಮೇಲೆ ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಕಹಿಯೆಲ್ಲ ಕೊನೆಯ ನಾಲ್ಕು ಹನಿಯಲ್ಲಿ ಬರುತ್ತದೆ.

ಬೆಳಿಗ್ಗೆ ನೋಡಿದಾಗ ಸುರುಳಿ ಬಿಚ್ಚಿದ ಎಲೆಗಳು ತಳದಲ್ಲಿ ಕುಳಿತು, ಮೇಲಿನ ನೀರು ತಿಳಿಜೇನಿನ ಬಣ್ಣಕ್ಕೆ ಬಂದು ಆಚೆಬದಿ ಬೆರಳು ಕಾಣುವಷ್ಟು ತಿಳಿಯಾಗಿರಬೇಕು.

ಲೆಕ್ಕ: 8 ಗುಣಿಸು 30, ಲೀಟರಿಗೆ 240 ಮಿಲಿಗ್ರಾಂ, 250 ಮಿಲಿ ಲೋಟಕ್ಕೆ 60. ತಣ್ಣೀರಲ್ಲಿ ಕೆಫೀನ್ ಸ್ವಲ್ಪ ಕಡಿಮೆ ಇಳಿಯಬಹುದು. ಆದರೆ ಹೊತ್ತು ಹೆಚ್ಚಾದಷ್ಟೂ ಆ ವ್ಯತ್ಯಾಸ ಕರಗುತ್ತಾ ಬರುತ್ತದೆ, ಆದ್ದರಿಂದ ಅಂಕಿ ಇಳಿಸಬೇಡಿ. ಸೋಸಿದ ಟೀ ಎರಡು ದಿನದೊಳಗೆ ಮುಗಿಯಬೇಕು.

ಒಂದು ಎಚ್ಚರಿಕೆ. ಜಾಡಿಯನ್ನು ಬಿಸಿಲಲ್ಲಿಟ್ಟು ಟೀ ಇಳಿಸುವ ವಿಧಾನ ಅಮೆರಿಕದಲ್ಲಿ ಬಳಕೆಯಲ್ಲಿದೆ, ವಿಡಿಯೋಗಳಲ್ಲೂ ಕಾಣುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಚೆನ್ನಾಗಿ ಆಗುತ್ತದೆ ಎಂದು ಮಾಡಲು ಹೋಗಬೇಡಿ. ಬಿಸಿಲಿಗೆ ನೀರು ಉಗುರುಬೆಚ್ಚಗಾಗುತ್ತದೆಯೇ ಹೊರತು ಸೂಕ್ಷ್ಮಜೀವಿ ಸಾಯುವಷ್ಟು ಕಾಯುವುದಿಲ್ಲ. ಅವಕ್ಕೆ ಬೆಳೆಯಲು ಬೇಕಾದ ಬಿಸಿ ಅದೇ.

## ಹಂತ 6: ಅರ್ಜೆಂಟಿಗೆ ಬಿಸಿ ವಿಧಾನ

1. 500 ಮಿಲಿ ನೀರು ಕುದಿಸಿ ಒಲೆ ಆರಿಸಿ. ಗುಳ್ಳೆ ನಿಂತ ಮೇಲೆ 8 ಗ್ರಾಂ ಸೊಪ್ಪು ಹಾಕಿ ಮುಚ್ಚಿ.
2. ಎಲೆಗೆ 4 ನಿಮಿಷ, ಸಿಟಿಸಿಗೆ 3 ನಿಮಿಷ. ಮೊಬೈಲಿನಲ್ಲಿ ಟೈಮರ್ ಇಡಿ.
3. ಸೋಸಿ, ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್ನಿನಲ್ಲಿ 15 ನಿಮಿಷ ಕೂರಿಸಿ.
4. ಫ್ರಿಜ್ಜಿನ ತಣ್ಣೀರು 350 ಮಿಲಿ, ಐಸ್ 150 ಗ್ರಾಂ ಸೇರಿಸಿ. ಸುಮಾರು ಒಂದು ಲೀಟರ್ ಆಗುತ್ತದೆ.

ಹೆಚ್ಚಿನವರು ಎಡವುವುದು ಮೂರನೇ ಹೆಜ್ಜೆಯಲ್ಲಿ. ಬಿಸಿ ಟೀಗೆ ನೇರ ಐಸ್ ಹಾಕುತ್ತಾರೆ. 80 ಡಿಗ್ರಿಯಲ್ಲಿರುವ ಅರ್ಧ ಲೀಟರ್ ಟೀ 5 ಡಿಗ್ರಿಗೆ ಇಳಿಯಲು ಹತ್ತಿರ ಹತ್ತಿರ 450 ಗ್ರಾಂ ಐಸ್ ಕರಗಬೇಕು. ಮನೆಯ ಐಸ್ ಟ್ರೇ ಎರಡು ಖಾಲಿ, ಟೀ ನೀರುನೀರು. ಅದೇ ಟೀ 28 ಡಿಗ್ರಿಗೆ ಆರಿದ ಮೇಲೆ ಹಾಕಿದರೆ 135 ಗ್ರಾಂ ಸಾಕು. ಗಾಜಿನ ಜಾಡಿಗೆ ಬಿಸಿ ಸುರಿದ ಕೂಡಲೇ ಐಸ್ ಹಾಕಿದರೆ ಜಾಡಿ ಸೀಳುವುದೂ ಉಂಟು.

ಎರಡನೇ ತಪ್ಪು, ರುಚಿ ಗಟ್ಟಿಯಾಗಲೆಂದು ಹೊತ್ತು ಹೆಚ್ಚಿಸುವುದು. ನಾಲ್ಕು ನಿಮಿಷದೊಳಗೆ ಕೆಫೀನಿನ ಬಹುಪಾಲು ಇಳಿದಾಗಿರುತ್ತದೆ, ಆಮೇಲೆ ಬರುವುದು ಮುಖ್ಯವಾಗಿ ಒಗರು. ಗಟ್ಟಿ ಬೇಕಿದ್ದರೆ ಒಂದು ಗ್ರಾಂ ಸೊಪ್ಪು ಹೆಚ್ಚಿಸಿ, ಆ 30ನ್ನು ಲೆಕ್ಕಕ್ಕೆ ಸೇರಿಸಿ.

ಐಸ್ ಹಾಕಿದ್ದರಿಂದ ಕೆಫೀನ್ ಕಡಿಮೆಯಾಗುವುದಿಲ್ಲ, ಹರಡಿಕೊಳ್ಳುತ್ತದೆ. ಜಾಡಿ ಪೂರ್ತಿ ಖಾಲಿ ಮಾಡಿದವರ ಹೊಟ್ಟೆಗೆ 240 ಮಿಲಿಗ್ರಾಂ ಹೋಗಿಯೇ ಹೋಗಿರುತ್ತದೆ.

## ಹಂತ 7: ಸಕ್ಕರೆ ಬಿಟ್ಟು ರುಚಿ ಕಟ್ಟಿ

ಒಂದೇ ದಿನ ಸಕ್ಕರೆ ಪೂರ್ತಿ ಬಿಡುವವರು ಸಾಮಾನ್ಯವಾಗಿ ಮರಳಿ ಶುರುಮಾಡುತ್ತಾರೆ. ಲೋಟಕ್ಕೆ ಎರಡು ಚಮಚ ಹಾಕುತ್ತಿದ್ದರೆ ನಾಲ್ಕೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಬೆಲ್ಲ, ಜೇನು, ಖರ್ಜೂರದ ಪಾಕ ಇವೆಲ್ಲ ಸಕ್ಕರೆಯೇ. ಅಂಗಡಿಯ ಲೆಮನ್ ಟೀ ಮಿಕ್ಸ್‌ಗಳ ಪದಾರ್ಥಪಟ್ಟಿಯಲ್ಲಿ ಮೊದಲ ಹೆಸರು ಏನಿದೆ ನೋಡಿ. ಹೆಚ್ಚು ಪ್ರಮಾಣದ್ದನ್ನೇ ಮೊದಲು ಬರೆಯಬೇಕೆಂಬುದು ನಿಯಮ, ಬಹುತೇಕ ಅದು ಸಕ್ಕರೆಯೇ ಆಗಿರುತ್ತದೆ.

ಸಿಹಿಯ ನೆನಪು ತರುವ ಪರಿಮಳ ನಮ್ಮ ಡಬ್ಬಿಗಳಲ್ಲೇ ಇದೆ. ಒಂದು ಲೀಟರಿಗೆ ಜಜ್ಜಿದ ಎರಡು ಏಲಕ್ಕಿ, ಅಥವಾ ಅರ್ಧ ಚಮಚ ಸೋಂಪು, ಅಥವಾ ಬೆರಳುದ್ದದ ಚಕ್ಕೆ, ಯಾವುದಾದರೂ ಒಂದನ್ನು ಸೊಪ್ಪಿನ ಜೊತೆಗೇ ನೆನೆಹಾಕಿ. ಕಹಿ ಉಳಿದಿದ್ದರೆ ಎರಡು ಬೆರಳಲ್ಲಿ ಹಿಡಿಯುವಷ್ಟು ಉಪ್ಪು ಅದನ್ನು ತಗ್ಗಿಸುತ್ತದೆ. ಜ್ಯೇಷ್ಠಮಧು ಸಿಹಿ ಕೊಡುತ್ತದೆ ನಿಜ, ಆದರೆ ದಿನಾ ಹಾಕಿದರೆ ರಕ್ತದೊತ್ತಡ ಏರಬಹುದು. ಬಿಪಿ ಇರುವವರು ಮುಟ್ಟದಿರಲಿ.

ನಿಂಬೆಯನ್ನು ಜಾಡಿಗೆ ಹಾಕಬೇಡಿ. ಸಿಪ್ಪೆಯ ಕಹಿ ರಾತ್ರಿಯಿಡೀ ಇಳಿದು ಇಡೀ ಲೀಟರ್ ಕೆಡುತ್ತದೆ. ಕುಡಿಯುವಾಗ ಲೋಟಕ್ಕೆ ಅರ್ಧ ಚಮಚ ರಸ ಹಿಂಡಿ. ಬಣ್ಣ ತಟ್ಟನೆ ತಿಳಿಯಾದರೆ ಗಾಬರಿ ಬೇಡ, ಹುಳಿಗೆ ಟೀಯ ಬಣ್ಣ ಹಾಗೆ ತಿರುಗುತ್ತದೆ.

ಇದರ ಪಕ್ಕದಲ್ಲೇ ಕೆಫೀನ್ ಇಲ್ಲದ ಎರಡನೇ ಜಾಡಿ ಇರಲಿ. ದಿನದ ಪಾಲು ಮುಗಿದ ಮೇಲೂ ಬಾಯಿ ಏನೋ ತಣ್ಣಗಿನದನ್ನು ಕೇಳುತ್ತದೆ. ಎದುರಿಗೆ ಬೇರೆ ಜಾಡಿ ಇಲ್ಲದಿದ್ದರೆ ಕೈ ಟೀ ಜಾಡಿಗೇ ಹೋಗುತ್ತದೆ. ತೊಳೆದ ಲಾವಂಚದ ಬೇರು ಒಂದು ಸಣ್ಣ ಕಟ್ಟು ಎಂಟು ಗಂಟೆ ನೆನೆಸಿದರೂ ಸಾಕು. ಒಣ ಪುನರ್ಪುಳಿ ಸಿಪ್ಪೆ ನಾಲ್ಕೈದು, ಲೀಟರ್ ನೀರಿಗೆ ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಕಡುಗೆಂಪು. ಮಜ್ಜಿಗೆಹುಲ್ಲಾದರೆ ಎರಡು ಗರಿ ಗಂಟು ಕಟ್ಟಿ ಐದು ನಿಮಿಷ ಕುದಿಸಿ ಆರಿಸಿ. ಬಣ್ಣದಿಂದ ಗುರುತು ತಪ್ಪುವ ಸಾಧ್ಯತೆ ಇದ್ದರೆ ಜಾಡಿಗೆ ಚೀಟಿ ಅಂಟಿಸಿ.

## ಹಂತ 8: ಹೊತ್ತು ನೋಡಿ ಕುಡಿಯಿರಿ

ವಯಸ್ಕರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಬೇಕು. ಸಂಜೆ 4ಕ್ಕೆ ಎರಡು ಲೋಟ, ಅಂದರೆ 120 ಮಿಲಿಗ್ರಾಂ ಕುಡಿದರೆ ರಾತ್ರಿ 9ಕ್ಕೆ 60, ನಡುರಾತ್ರಿ 2ಕ್ಕೂ 30 ಉಳಿದಿರುತ್ತದೆ. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೊಟ್ಟು ನೋಡಿದ 2013ರ ಒಂದು ಅಧ್ಯಯನದಲ್ಲಿ ಒಂದು ಗಂಟೆಗೂ ಹೆಚ್ಚು ನಿದ್ದೆ ಕಡಿಮೆಯಾಗಿತ್ತು. 10 ಗಂಟೆಗೆ ಮಲಗುವವರು ಮಧ್ಯಾಹ್ನ 2ಕ್ಕೆ ಟೀ ಜಾಡಿ ಮುಚ್ಚಿಡಿ. ರಾತ್ರಿ ಪಾಳಿಯವರು ಮಲಗುವ ಹೊತ್ತಿನಿಂದ 8 ಗಂಟೆ ಹಿಂದಕ್ಕೆ ಎಣಿಸಿಕೊಳ್ಳಿ.

ಊಟದ ಜೊತೆ ಬೇಡ. ಟೀಗೆ ಒಗರು ಕೊಡುವ ಟ್ಯಾನಿನ್ ರಾಗಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ದೇಹಕ್ಕೆ ಹತ್ತದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಬಿಡುವಿರಲಿ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಕಬ್ಬಿಣದ ಮಾತ್ರೆಯನ್ನಂತೂ ಟೀ ಜೊತೆ ನುಂಗಲೇಬಾರದು. ಥೈರಾಯ್ಡ್ ಮಾತ್ರೆಗೂ ಬರೀ ನೀರೇ.

## ಹಂತ 9: ಹೆಚ್ಚಾಗಿದ್ದರೆ ಮೆಲ್ಲಗೆ ಇಳಿಸಿ

ದಿನಕ್ಕೆ 450 ಮಿಲಿಗ್ರಾಂ ಕೆಫೀನ್ ಕುಡಿಯುತ್ತಿದ್ದವರು ನಾಳೆಯಿಂದ ಸೊನ್ನೆ ಎಂದರೆ ಮರುದಿನವೇ ತಲೆ ಸಿಡಿಯಲು ಶುರುವಾಗುತ್ತದೆ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಕಾಣಿಸಿಕೊಂಡು ಎರಡನೇ ದಿನ ಜೋರಾಗಿ, ಎರಡರಿಂದ ಒಂಬತ್ತು ದಿನ ಇರಬಹುದು. ಭಾನುವಾರ ಮಾತ್ರ ತಲೆನೋವು ಬರುತ್ತದೆ ಎನ್ನುವವರು ಹಂತ 2ರ ಚೀಟಿ ನೋಡಲಿ. ಆಫೀಸಿನ ಮೂರು ಲೋಟ ಆ ದಿನ ತಪ್ಪಿರುತ್ತದೆ.

ಮೂರ್ನಾಲ್ಕು ದಿನಕ್ಕೊಮ್ಮೆ 50ರಿಂದ 60 ಮಿಲಿಗ್ರಾಂ ಇಳಿಸಿ. ಜಾಡಿಯಲ್ಲಿ ಇದು ಸುಲಭ: 8 ಗ್ರಾಂ ಇದ್ದದ್ದು 6 ಆಗಲಿ, ಕಡಿಮೆಯಾದ 2 ಗ್ರಾಂ ಜಾಗಕ್ಕೆ ಮಜ್ಜಿಗೆಹುಲ್ಲಿನ ಗರಿ ಹಾಕಿ. ಬಣ್ಣ ತುಸು ತಿಳಿ, ಪರಿಮಳ ತುಂಬಿಕೊಂಡಿರುತ್ತದೆ. ಲೋಟದ ಸಂಖ್ಯೆ ಹಾಗೇ ಇರುವುದರಿಂದ ಏನೋ ಬಿಟ್ಟೆವು ಎಂಬ ಭಾವನೆ ಬರುವುದಿಲ್ಲ.

## ಹಂತ 10: ಕೆಟ್ಟದ್ದನ್ನು ಗುರುತಿಸಿ

ಜಾಡಿಯಲ್ಲಿ: ಬರೀ ಮಬ್ಬು ಇದ್ದು ವಾಸನೆ ಸರಿಯಿದ್ದರೆ ಒಂದೆರಡು ಸೌಟು ಕುದಿವ ನೀರು ಬೆರೆಸಿ, ಸಾಮಾನ್ಯವಾಗಿ ತಿಳಿಯಾಗುತ್ತದೆ. ಸುರಿಯುವಾಗ ಟೀ ಲೋಳೆಯಂತೆ ನೂಲಾಡಿದರೆ, ಅಲ್ಲಾಡಿಸದೆಯೂ ನೊರೆ ಇದ್ದರೆ, ಹುಳಿ ವಾಸನೆ ಬಂದರೆ ರುಚಿ ನೋಡಲೂ ಹೋಗದೆ ಚೆಲ್ಲಿ. ಜಾಡಿಯ ಮುಚ್ಚಳದ ರಬ್ಬರ್ ಉಂಗುರ ತೆಗೆದು ತೊಳೆಯಿರಿ, ಕೊಳೆ ಕೂರುವ ಜಾಗ ಅದೇ. ಈರುಳ್ಳಿ, ದೋಸೆಹಿಟ್ಟಿನ ವಾಸನೆ ಟೀಗೆ ಹತ್ತಿದ್ದರೆ ಮುಚ್ಚಳ ಬಿಗಿಯಾಗಿಲ್ಲ ಎಂದರ್ಥ.

ದೇಹದಲ್ಲಿ: ಕೈನಡುಕ, ಎದೆಬಡಿತ ಜೋರಾಗುವುದು, ಕಾರಣವಿಲ್ಲದ ಗಾಬರಿ, ಎದೆಯುರಿ, ನಿದ್ದೆ ಬಂದರೂ ಮೂರು ಗಂಟೆಗೆ ಎಚ್ಚರ. ಇವುಗಳಲ್ಲಿ ಎರಡು ಕಾಣಿಸಿದರೂ ಅಂದಿನ ಲೆಕ್ಕ ಮತ್ತೆ ಹಾಕಿ, 300ರ ಒಳಗಿದ್ದರೂ ನಿಮ್ಮ ದೇಹಕ್ಕೆ ಅದು ಹೆಚ್ಚು. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ದಿನಗಳಲ್ಲಿ ಕೆಫೀನ್ ಹೊರಹೋಗುವುದು ನಿಧಾನ, ಆ ವಾರ ಕೆಫೀನ್ ಇಲ್ಲದ ಎರಡನೇ ಜಾಡಿಯಷ್ಟೇ ಸಾಕು. ಆಸ್ತಮಾಕ್ಕೆ ಥಿಯೊಫಿಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಎದೆನೋವು, ತಾಳ ತಪ್ಪಿದ ಬಡಿತ, ನಿಲ್ಲದ ವಾಂತಿ ಬಂದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಿ.

ಕಿಡ್ನಿಯಲ್ಲಿ ಕಲ್ಲಾಗಿದ್ದವರಿಗೆ ಕೆಫೀನಿಗಿಂತ ದೊಡ್ಡ ಚಿಂತೆ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಪದಾರ್ಥ. ಕಪ್ಪು ಟೀಯಲ್ಲಿ ಅದು ಸಾಕಷ್ಟಿದೆ. ಅಮೆರಿಕದ ಆರ್ಕನ್ಸಾ ರಾಜ್ಯದ 56 ವರ್ಷದ ಒಬ್ಬರ ಕಿಡ್ನಿ ಕೆಟ್ಟುನಿಂತಾಗ ವೈದ್ಯರು ಹುಡುಕಿ ಹುಡುಕಿ ಕೊನೆಗೆ ಕಂಡುಕೊಂಡ ಕಾರಣ ಐಸ್ ಟೀ. ದಿನಕ್ಕೆ 8 ಔನ್ಸಿನ 16 ಲೋಟ, ಅಂದರೆ ಹತ್ತಿರ ಹತ್ತಿರ 3.8 ಲೀಟರ್ ಕುಡಿಯುತ್ತಿದ್ದರು. 2015ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಕಲ್ಲಿನ ತೊಂದರೆ ಇದ್ದವರು, ಕಿಡ್ನಿ ದುರ್ಬಲವಾದವರು ಟೀ ಜಾಡಿ ಶುರುಮಾಡುವ ಮೊದಲೇ ವೈದ್ಯರಿಗೆ ತಿಳಿಸಿ. ಹೇಳುವಾಗ ಎಷ್ಟು ಲೋಟ ಎಂದಷ್ಟೇ ಅಲ್ಲ, ಎಷ್ಟು ಗ್ರಾಂ ಸೊಪ್ಪು, ಎಷ್ಟು ಲೀಟರ್ ನೀರು ಎಂದೂ ಹೇಳಿ.